ದೇವರ ಮೀನಿಗೆ ಹೆದರಿಕೆ ಕಲಿಸಿದ್ದು

ಮೀನು ಮಾರುವವನಿಗೆ ದೇವಸ್ಥಾನದಿಂದ ಫೋನ್ ಬರುವುದು ಅಪರೂಪ. ನಾನು ರಿಪ್ಪನ್‌ಪೇಟೆಯ ಹತ್ತಿರ ಮೀನುಮರಿ ಸಾಕಿ ಮಾರುವವನು. ಕೆರೆ ಹರಾಜು ಹಿಡಿದವರು, ಕೃಷಿಹೊಂಡ ತೋಡಿಸಿದವರು ಬಂದು ಕಾಟ್ಲಾ, ರೋಹು ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಅವು ಬೆಳೆದು ಕೊನೆಗೆ ಯಾರದೋ ಬಾಣಲೆ ಸೇರುತ್ತವೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಆ ಬೇಸಿಗೆಯಲ್ಲಿ ಒಬ್ಬರು ಫೋನ್ ಮಾಡಿ, ತಾನು ತೀರ್ಥಹಳ್ಳಿ ಕಡೆಯ ಒಂದು ಹಳ್ಳದ ದಂಡೆಯ ಗುಡಿಯಲ್ಲಿ ಪೂಜೆ ಮಾಡುವ ಭಟ್ಟ ಎಂದಾಗ ನಂಬರ್ ತಪ್ಪಿ ಬಂದಿರಬೇಕು ಎಂದುಕೊಂಡೆ.

"ನಮ್ಮಲ್ಲಿ ದೇವರ ಮೀನು ಬಾಯ್ ಬಾಯ್ ಬಿಡ್ತಿದಾವೆ ಮಾರಾಯ್ರೆ. ಎಷ್ಟು ಅಕ್ಕಿ ಹಾಕಿದ್ರೂ ಹಸಿವು ತೀರ್ತಾ ಇಲ್ಲ. ಒಂದ್ಸಲ ಬಂದ್ ನೋಡ್ತೀರಾ?" ಎಂದರು ಭಟ್ಟರು.

ಹಸಿವು ಎಂಬ ಮಾತು ಕೇಳಿದ್ದೇ ತಡ, ನನಗೆ ಅರ್ಧ ಸಂಗತಿ ಅಲ್ಲೇ ತಿಳಿಯಿತು. ಉಳಿದ ಅರ್ಧ ನೋಡಲು ಮರುದಿನ ಬೆಳಕು ಹರಿಯುವ ಹೊತ್ತಿಗೆ ಪಿಕಪ್ ವ್ಯಾನಿನಲ್ಲಿ ಹೋದೆವು, ನಾನು ಮತ್ತು ನನ್ನ ಡ್ರೈವರ್. ನೀರಿನ ಆರೋಗ್ಯ ನೋಡಬೇಕಾದರೆ ಆ ಹೊತ್ತಿಗೇ ನೋಡಬೇಕು. ರಾತ್ರಿಯಿಡೀ ನೀರೊಳಗಿನ ಜೀವಗಳೆಲ್ಲ ಉಸಿರಾಡಿ, ಆಮ್ಲಜನಕ ತಳ ಕಂಡಿರುವುದು ಆಗಲೇ.

ಊರಿನ ಹೆಸರು ಬರೆಯುವುದಿಲ್ಲ. ತುಂಗೆಗೆ ಸೇರುವ ಒಂದು ಹಳ್ಳ, ಅದು ಬಂಡೆಗಳ ನಡುವೆ ಬಾಗುವಲ್ಲಿ ಒಂದು ಗುಂಡಿ, ಮೇಲೊಂದು ಪುಟ್ಟ ಈಶ್ವರನ ಗುಡಿ, ನೀರಿಗಿಳಿಯಲು ಕಲ್ಲಿನ ಮೆಟ್ಟಿಲು. ಇಷ್ಟು ಸಾಕು. ಆ ಗುಂಡಿಯ ಮೀನು ಈಶ್ವರನದು, ಯಾರೂ ಹಿಡಿಯುವುದಿಲ್ಲ. ನರೂಲಿ ಎದ್ದವರು, ಕಜ್ಜಿ ತುರಿ ಬಿಡದವರು, ವರ್ಷಗಟ್ಟಲೆ ಮಾಯದ ಹುಣ್ಣಿನವರು ಮೀನಿಗೆ ಅಕ್ಕಿ ಹಾಕುತ್ತೇನೆಂದು ಹರಕೆ ಹೊರುತ್ತಾರೆ. ಸಾಗರ, ಹೊಸನಗರದಿಂದಲೂ ಬರುತ್ತಾರೆ. ಹರಕೆ ಹೊತ್ತವರು ಮೈ ವಾಸಿಯಾಗುವ ತನಕ ಮೀನು ತಿನ್ನುವಂತಿಲ್ಲ, ಹಳ್ಳಕ್ಕೆ ಸೋಪು ತಾಗಿಸುವಂತಿಲ್ಲ, ಗುಂಡಿಯ ಹತ್ತಿರ ಜಗಳವಾಡುವಂತಿಲ್ಲ. ಎಷ್ಟೋ ತಲೆಮಾರು ಹೀಗೆ ನಡೆದುಬಂದು ಮೀನುಗಳಿಗೂ ಅಭ್ಯಾಸವಾಗಿಬಿಟ್ಟಿದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಬೇರೆ ಕಡೆಯ ಮೀನು ಓಡಿಹೋಗುತ್ತವೆ, ಇಲ್ಲಿಯವು ಓಡಿಬರುತ್ತವೆ.

ನಾವು ಹೋದಾಗ ಗುಂಡಿಯ ನೀರು ಅರ್ಧಕ್ಕಿಂತ ಕೆಳಗಿತ್ತು. ಹಳ್ಳದ ಹರಿವು ನಿಂತೇ ಹೋಗಿತ್ತು. ಪುಸ್ತಕದಲ್ಲಿ ಮಹಶೀರ್ ಎಂದು ಕರೆಯುವ, ತೋಳುದ್ದದ ಮೀನುಗಳು, ಬಂಗಾರದ ಬಣ್ಣದ ಹುರುಪೆಯವು, ಮೇಲಕ್ಕೆ ಬಂದು ಸಾಲಾಗಿ ಬಾಯಿ ತೆರೆದು ಮುಚ್ಚುತ್ತಿದ್ದವು. ಅಷ್ಟು ಹೊತ್ತಿಗೇ ಒಂದು ಸಂಸಾರ ಬಂದು ಮೆಟ್ಟಿಲ ಮೇಲೆ ಕೂತಿತ್ತು. "ಪಾಪ, ಎಷ್ಟ್ ಹಸ್ದಿದಾವೆ ನೋಡಿ" ಎನ್ನುತ್ತಾ ಮನೆಯಾಕೆ ಚೀಲದಿಂದ ಅಕ್ಕಿ ತೆಗೆದು ಆ ಬಾಯಿಗಳಿಗೇ ಗುರಿಯಿಟ್ಟು ಹಾಕುತ್ತಿದ್ದಳು. ಗಂಡ ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತಿದ್ದ.

ನಾನು ಗುಂಡಿಯ ನೀರನ್ನು ಬಾಟಲಿಯಲ್ಲಿ ಹಿಡಿದು, ಕಿಟ್‌ನಲ್ಲಿದ್ದ ದ್ರಾವಣದ ಹನಿಗಳನ್ನು ಬಿಟ್ಟೆ. ನೀರಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಚೂರುಗಳು ಏಳಬೇಕು. ಎದ್ದದ್ದು ಬಿಳಿ. ಬಿದಿರಿನ ಗಳ ತಳಕ್ಕೆ ಚುಚ್ಚಿ ಎತ್ತಿದರೆ ಕರಿ ಕೆಸರು ಬಂತು, ಕೊಳೆತ ಮೊಟ್ಟೆಯ ನಾತದೊಂದಿಗೆ. ಅದು ಹರಕೆಯ ಅಕ್ಕಿ. ತುಂಬಿ ಹರಿಯುವ ಕಾಲದಲ್ಲಿ ಕೊಚ್ಚಿಕೊಂಡು ಹೋಗುತ್ತಿದ್ದದ್ದು ಈಗ ತಳದಲ್ಲಿ ಕೂತು ಕೊಳೆಯುತ್ತಿತ್ತು, ಕೊಳೆಯುತ್ತಾ ಮೀನಿನ ಉಸಿರನ್ನು ತಾನೇ ಕುಡಿಯುತ್ತಿತ್ತು.

"ನಿಲ್ಲಿಸ್ರೀ! ಅವಕ್ಕೆ ಹಸಿವಲ್ಲ, ಉಸಿರು ಕಟ್ಟಿದೆ" ಎಂದು ಕೂಗಿದೆ. ನನ್ನ ಬಾಯಿ ಸ್ವಲ್ಪ ಜೋರು. ಆ ಸಂಸಾರ ಬೆದರಿ ಎದ್ದು ನಿಂತಿತು. ಭಟ್ಟರು ತಲೆಮೇಲೆ ಕೈಹೊತ್ತು ಬಂಡೆಯ ಮೇಲೆ ಕೂತರು. "ಎಂತ ಹೇಳ್ತೀರಿ ಮಾರಾಯ್ರೆ? ಬಾಯ್ ಬಿಡ್ತಿದಾವೆ ಅಂತ ನಾನೇ ನಿನ್ನೆ ಅರ್ಧ ಚೀಲ ಹಾಕ್ಸಿದೀನಲ್ಲ" ಎಂದರು. ಪ್ರೀತಿಯಿಂದ ಕೊಲ್ಲುವುದು ಎಂದರೆ ಏನೆಂದು ನನಗೆ ಅಂದು ಕಂಡಿತು, ಆದರೆ ಆ ಹೊತ್ತಿಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು.

ಕೆಲಸ ಅಂದೇ ಶುರುವಾಯಿತು. ಡೀಸೆಲ್ ಪಂಪ್ ತಂದು ಗುಂಡಿಯ ನೀರನ್ನೇ ಎತ್ತಿ, ತೂತು ಕೊರೆದ ಪೈಪಿನಿಂದ ಮತ್ತೆ ಗುಂಡಿಗೇ ಚಿಮ್ಮುವಂತೆ ಮಾಡಿದೆವು. ಹನಿಹನಿಯಾಗಿ ಬೀಳುವ ನೀರು ಗಾಳಿಯನ್ನು ಹಿಡಿದುಕೊಂಡು ಬರುತ್ತದೆ. ಇನ್ನೊಂದು ಪೈಪಿನಿಂದ ತಳದ ಕೆಸರನ್ನು ಸ್ವಲ್ಪಸ್ವಲ್ಪವೇ ಹೀರಿ ಹೊರಗೆ ಬಿಟ್ಟೆವು. ಒಮ್ಮೆಲೇ ಕಲಕಿದರೆ ಅದರೊಳಗಿನ ವಿಷದ ಗಾಳಿ ಎದ್ದು ಇದ್ದ ಮೀನೂ ಸಾಯುತ್ತವೆ. ಭಟ್ಟರು ಗುಡಿಯ ಜಗಲಿಯ ಮೇಲೊಂದು ಹಿತ್ತಾಳೆ ಕೊಪ್ಪರಿಗೆ ಇಡಿಸಿ, ಹರಕೆಯ ಅಕ್ಕಿ ಇದಕ್ಕೆ ಹಾಕಿದರೆ ಮೀನಿಗೆ ಹಾಕಿದಂತೆಯೇ ಎಂದು ಬಂದವರಿಗೆಲ್ಲ ಸಮಜಾಯಿಷಿ ಹೇಳತೊಡಗಿದರು. ಕೆಲವರು ಒಪ್ಪಿದರು. ಕೆಲವರು ಭಟ್ಟರ ಮುಖ, ಕೊಪ್ಪರಿಗೆಯ ಮುಖ ನೋಡಿ ಅಕ್ಕಿ ವಾಪಸ್ ಕಟ್ಟಿಕೊಂಡರು.

ಈ ಕೆಲಸದಲ್ಲಿ ನಮ್ಮ ಜೊತೆ ನಿಂತದ್ದು ಒಬ್ಬ ಹೆಂಗಸು. ಪಕ್ಕದ ಊರಿನ ರೈತರ ಮನೆಯವಳು, ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ನಾನು ಅಕ್ಕ ಎಂದೇ ಕರೆದೆ. ದಿನವೂ ಬೆಳಿಗ್ಗೆ ಬಂದು ಮೆಟ್ಟಿಲು ಗುಡಿಸುವುದು ಅವಳು ತಾನಾಗಿ ಹಚ್ಚಿಕೊಂಡ ಕೆಲಸ. ಸೆರಗನ್ನು ಯಾವಾಗಲೂ ಕೈ ಮುಚ್ಚುವಂತೆ ಹೊದ್ದಿರುತ್ತಿದ್ದಳು. ಪಂಪಿನ ಪೈಪ್ ಹಿಡಿಯುವಾಗ ಸೆರಗು ಜಾರಿ ಕೈ ಕಂಡಿತು. ಮೊಣಕೈವರೆಗೆ ಚರ್ಮವೆಲ್ಲ ದಪ್ಪಗೆ ಕೆಂಪಾಗಿ, ಮೇಲೆ ಬಿಳಿ ಚಕ್ಕೆ ಎದ್ದಿತ್ತು.

"ಡಾಕ್ಟ್ರಿಗೆ ತೋರ್ಸಿದೀರಾ ಅಕ್ಕ?"

"ಸಾಗರದ ಡಾಕ್ಟ್ರ ಹತ್ರ ಹೋಗ್ತೀನಿ. ಮುಲಾಮು ಕೊಟ್ಟಿದಾರೆ. ಹಚ್ಚಿದ್ರೆ ಕಡ್ಮೆ ಆಗ್ತದೆ, ಬಿಟ್ರೆ ಮತ್ತೆ ಬರ್ತದೆ. ಅಂಟು ರೋಗ ಅಲ್ಲ ಅಂತನೂ ಹೇಳಿದಾರೆ" ಎಂದಳು ಅಕ್ಕ.

"ಹಂಗಾದ್ರೆ ಈ ಮೀನು ಎಂತ ಮಾಡ್ತಾವೆ?" ನನ್ನ ದನಿಯಲ್ಲಿ ಕುಚೋದ್ಯ ಇತ್ತೆಂದು ಕಾಣುತ್ತದೆ. ಚರ್ಮಕ್ಕೂ ಮೀನಿಗೂ ಏನು ಸಂಬಂಧ ಎಂಬುದು ನನ್ನ ಆಗಿನ ಬುದ್ಧಿ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಅವು ಎಂತದೂ ಮಾಡಲ್ಲ ತಮ್ಮಾ. ಮದ್ವೆ ಮನೇಲಿ ನಾನು ಬಡ್ಸಕ್ಕೆ ಹೋದ್ರೆ ಎಲೆ ಮೇಲೆ ಕೈ ಅಡ್ಡ ಇಡ್ತಾರೆ, ಸಾಕು ಸಾಕು ಅಂತ. ಮಗಳ ಮನೆಗೆ ಹೋದ್ರೆ ನಂಗೇ ಒಂದ್ ಲೋಟ ಬೇರೆ. ಈ ಕೈಯಲ್ಲಿ ಕೊಟ್ಟಿದ್ನ ಹಿಂದೆ ಮುಂದೆ ನೋಡ್ದೆ ತಿನ್ನೋರು ಇವ್ರೊಬ್ರೆ" ಎಂದಳು.

ಹೇಳಿ ಅವಳು ಮತ್ತೆ ಪೈಪ್ ಹಿಡಿದಳು.

ನೀರು ಸುಧಾರಿಸುತ್ತಾ ಬಂತು. ಬಾಟಲಿಯಲ್ಲಿ ಕಂದು ಬಣ್ಣ ಕಾಣಿಸಿತು, ಮೀನುಗಳು ತಳಕ್ಕಿಳಿದವು. ಅಷ್ಟರಲ್ಲಿ ಒಂದು ಸೋಮವಾರ ಜನ ಸೇರಿತು. ದೂರದಿಂದ ಬಂದ ಯಾರಿಗೋ ಕೊಪ್ಪರಿಗೆಯ ವ್ಯವಸ್ಥೆ ಹಿಡಿಸಲಿಲ್ಲ. ಹರಕೆ ಮೀನಿಗೆ, ಕೊಪ್ಪರಿಗೆಗಲ್ಲ ಎಂದು ಅವರಿಗೆ ಅನ್ನಿಸಿರಬೇಕು. ನಮ್ಮ ಕಣ್ಣು ತಪ್ಪಿಸಿ ಬಂಡೆಯ ಹಿಂಬದಿಯಿಂದ ಅನ್ನ, ಅಕ್ಕಿ, ಬೆಲ್ಲ ಎಲ್ಲ ಕಲಸಿ ಸುರಿದು ಹೋಗಿದ್ದರು. ಬಿಸಿಲಿಗೆ ಅದು ಸಂಜೆಯೊಳಗೇ ಹುಳಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ದೊಡ್ಡ ಮೀನುಗಳೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ಕೆಟ್ಟಾಗ ಮೊದಲು ಸಾಯುವುದು ದೊಡ್ಡವೇ, ಅವಕ್ಕೆ ಉಸಿರು ಹೆಚ್ಚು ಬೇಕು.

ಅಕ್ಕ ಒಂದೊಂದನ್ನೇ ಎರಡು ಕೈಯಲ್ಲಿ ಎತ್ತಿ ದಂಡೆಗೆ ತಂದಳು. ಗುಡಿಯ ಹಿಂದೆ ನೆಲದಲ್ಲಿ ಕುಳಿ ತೋಡಿ, ಭಟ್ಟರು ನೀರು ಬಿಟ್ಟು, ತುಳಸಿ ಹಾಕಿ ಮಣ್ಣು ಮಾಡಿದರು. ಆಮೇಲೆ ಎಲ್ಲರೂ ಸ್ನಾನ ಮಾಡಿದರು. ನನ್ನ ಡ್ರೈವರ್, ವಾರಕ್ಕೆ ಮೂರು ದಿನ ಮೀನು ಸಾರಿಲ್ಲದೆ ಉಣ್ಣದವನು, ಅವನೂ ಹೋಗಿ ಮೈಮೇಲೆ ನೀರು ಹುಯ್ದುಕೊಂಡು ಬಂದ.

ಅಂದು ಮಧ್ಯಾಹ್ನ ನಾನು ಭಟ್ಟರಿಗೆ ಮನಸ್ಸಿನಲ್ಲಿದ್ದದ್ದು ಹೇಳಿದೆ. ಮೇಲಿನ ತೋಟಗಳ ಮೋಟಾರುಗಳೆಲ್ಲ ಈ ಹಳ್ಳಕ್ಕೇ ಬಾಯಿ ಇಟ್ಟಿವೆ. ಈ ವರ್ಷ ಹೇಗೋ ಉಳಿಸಿದರೂ ಬರುವ ಬೇಸಿಗೆಯಲ್ಲಿ ಇದೇ ಪಾಡು. ಗುಂಡಿಯ ಆಳವೂ ಹೂಳು ತುಂಬಿ ಕಡಿಮೆಯಾಗಿದೆ. ಮೀನು ಉಳಿಯಬೇಕಾದರೆ ತುಂಗೆಯ ಯಾವುದಾದರೂ ಆಳವಾದ ಮಡುವಿಗೆ ಸಾಗಿಸಬೇಕು.

"ದೇವರ ಮೀನನ್ನ ದೇವಸ್ಥಾನ ಬಿಡ್ಸಿ ಕಳ್ಸದಾ?" ಎಂದರು ಭಟ್ಟರು. "ನಾನು ಹೂಂ ಅನ್ನಕ್ಕಾಗಲ್ಲ. ಈಶ್ವರನ್ನೇ ಕೇಳ್ಬೇಕು."

ಅವನನ್ನೇ ಕೇಳಿದರು. ಲಿಂಗದ ಎಡಬಲಕ್ಕೆ ನೀರು ಸವರಿ ಒಂದೊಂದು ಹೂವಿನ ಎಸಳು ಅಂಟಿಸಿ ಕಾದು ಕೂತರು. ಬಲದ ಹೂವು ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಇಂಥದ್ದರಲ್ಲಿ ನನಗೆ ನಂಬಿಕೆ ಇಲ್ಲ. ಆದರೂ ನಾನು ಬಾಗಿಲಲ್ಲಿ ನಿಂತು ಬಲದ ಹೂವನ್ನೇ ದಿಟ್ಟಿಸುತ್ತಿದ್ದೆ. ತುಂಬ ಹೊತ್ತು ಎರಡೂ ಬೀಳಲಿಲ್ಲ. ಕೊನೆಗೆ ಬಲದ್ದು ಜಾರಿತು. ಭಟ್ಟರು ಕಣ್ಣೊರೆಸಿಕೊಂಡು, "ಆತು, ಮಾಡಿ" ಎಂದರು. ಅಕ್ಕ ಹೂವನ್ನು ನೋಡಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ವಿಷಯ ಹೇಳಿದಾಗ, "ಬದ್ಕಿದ್ರೆ ಸಾಕು, ಎಲ್ಲಾದ್ರೂ ಇರ್ಲಿ" ಎಂದಷ್ಟೇ ಅಂದಳು.

ಮಹಶೀರ್ ಸಾಗಿಸುವುದು ಸುಲಭದ ಮಾತಲ್ಲ. ಬಲೆ ಹಾಕಿದರೆ ಹಾರಿ ಬಂಡೆಗೆ ಅಪ್ಪಳಿಸಿಕೊಳ್ಳುತ್ತವೆ, ಹುರುಪೆ ಕಿತ್ತು ಬರುತ್ತದೆ, ಕಿತ್ತಲ್ಲಿ ಬೂಷ್ಟು ಹಿಡಿಯುತ್ತದೆ. ಹೊಟ್ಟೆ ತುಂಬಿದ್ದರೆ ದಾರಿಯಲ್ಲಿ ಟ್ಯಾಂಕಿನ ನೀರು ಕೆಡಿಸಿಕೊಂಡು ತಾವೇ ಸಾಯುತ್ತವೆ, ಹಾಗಾಗಿ ಹಿಂದಿನ ದಿನ ಒಂದು ಕಾಳೂ ಬೀಳದಂತೆ ಕಾದೆವು. ರಿಪ್ಪನ್‌ಪೇಟೆಯ ವೆಲ್ಡಿಂಗ್ ಅಂಗಡಿಯಿಂದ ಆಕ್ಸಿಜನ್ ಸಿಲಿಂಡರ್ ತಂದು ವ್ಯಾನಿನ ಟ್ಯಾಂಕುಗಳಿಗೆ ಜೋಡಿಸಿದೆ. ಮೀನಿನ ಗಾಬರಿ ಇಳಿಯಲು ನೀರಿಗೆ ಹರಳುಪ್ಪು, ಕೆರಳದಿರಲು ಒಂದಿಷ್ಟು ಲವಂಗದ ಎಣ್ಣೆ, ನೀರು ಕಾಯದಿರಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮಂಜುಗಡ್ಡೆ. ಅಕ್ಕ ಲವಂಗದ ವಾಸನೆ ಹಿಡಿದು, "ಹಲ್ಲುನೋವಾ ಇವಕ್ಕೆ?" ಎಂದು ನಕ್ಕಳು. ಆ ದಿನಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಇರಬೇಕು.

ಬಲೆ ಬೇಕಾಗಲೇ ಇಲ್ಲ. ಅಕ್ಕ ಸೊಂಟದ ತನಕ ನೀರಿಗಿಳಿದು ಮುಷ್ಟಿಯಲ್ಲಿ ಅಕ್ಕಿಯಿಟ್ಟು ನೀರಲ್ಲಿ ಕೈ ಆಡಿಸಿದಳು. ಮೀನುಗಳು ಒಂದಾದ ಮೇಲೊಂದು ಅವಳ ಕೈಗೆ ಮೂತಿ ತಾಗಿಸಲು ಬಂದವು. ನಾನು ಒದ್ದೆ ಬಟ್ಟೆಯ ಜೋಲಿಯನ್ನು ಕೆಳಗಿನಿಂದ ತಂದು ಎತ್ತಿಕೊಂಡೆ. ಹೆಚ್ಚಿನವು ಒದ್ದಾಡಲೂ ಇಲ್ಲ. ಇಷ್ಟು ಸಲೀಸಾಗಿ ನಾನು ನನ್ನ ಹೊಂಡದಲ್ಲೂ ಮೀನು ಹಿಡಿದವನಲ್ಲ. ಮುಟ್ಟಿ ನೋಡಿದರೆ ಅವುಗಳ ಮೈಯಲ್ಲಿ ಬಿಗಿಯೇ ಇರಲಿಲ್ಲ. ಒಳ್ಳೆಯದೇ ಆಯಿತು, ಕೆಲಸ ಬೇಗ ಮುಗಿಯಿತು ಎಂದುಕೊಂಡೆ. ಅಲ್ಲಿಗೇ ನನ್ನ ಯೋಚನೆ ನಿಂತಿತು.

ತುಂಗೆಯಲ್ಲಿ ನಾನು ಆರಿಸಿದ್ದು ದೊಡ್ಡ ಬಂಡೆಯ ಬುಡದ ಒಂದು ಮಡು, ಕಡು ಬೇಸಿಗೆಯಲ್ಲೂ ತಳ ಕಾಣದ್ದು. ನೀರಿನ ಬಿಸಿ ಅಳೆದು ನೋಡಿದೆ, ಆಮ್ಲಜನಕ ನೋಡಿದೆ, ತಿನ್ನಲು ಏಡಿ, ಪಾಚಿ, ಬಸವನಹುಳು ಇವೆಯೇ ಎಂದು ಕಲ್ಲು ಮಗುಚಿ ನೋಡಿದೆ. ಎಲ್ಲ ಚೆನ್ನಾಗಿತ್ತು. ಟ್ಯಾಂಕಿಗೆ ಹೊಳೆಯ ನೀರನ್ನು ಬಕೆಟ್ ಬಕೆಟ್ ಬೆರೆಸುತ್ತಾ, ಮೈಗೆ ಒಗ್ಗಿದ ಮೇಲೆ ಒಂದೊಂದನ್ನೇ ಬಿಟ್ಟೆವು. ಒಂದೂ ಸಾಯಲಿಲ್ಲ. ಮೂತಿಗೆ ಗಾಯವಾಗಿ ಸುಸ್ತಾಗಿದ್ದ ನಾಲ್ಕೈದನ್ನು ಮಾತ್ರ ಚಿಕಿತ್ಸೆಗೆಂದು ನನ್ನ ಸಿಮೆಂಟ್ ತೊಟ್ಟಿಗೆ ತಂದುಕೊಂಡೆ. ಭಟ್ಟರು ನನಗೂ ಡ್ರೈವರ್‌ಗೂ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕೈಮುಗಿದರು. ಆ ಶಾಲು ಹೊದ್ದುಕೊಂಡೇ ನಾನು ಮನೆ ತನಕ ಬಂದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಸುಮಾರು ಒಂದು ವಾರ ಕಳೆದಿರಬೇಕು. ಡ್ರೈವರ್ ಬೆಳಿಗ್ಗೆ ಬಂದವನು ವ್ಯಾನಿನ ಬೀಗ ತೆಗೆಯದೆ ಮೊಬೈಲ್ ಹಿಡಿದು ನಿಂತ. "ಅಣ್ಣ, ಇದ್ನ ನೋಡಿ. ವಾಟ್ಸಾಪಲ್ಲಿ ಬಂತು." ಚಿತ್ರದಲ್ಲಿ ತೋಳುದ್ದದ ಮೀನುಗಳನ್ನು ಹುಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದರು. ಒಂದರ ಬಾಲದ ಅಂಚು ಸೀಳಿತ್ತು. ಆ ಬಾಲವನ್ನು ನಾನು ಜೋಲಿಯಲ್ಲಿ ಎತ್ತುವಾಗ ನೋಡಿದ್ದೆ. ಗುರುತು ಹಿಡಿಯಲು ಇನ್ನೇನೂ ಬೇಕಿರಲಿಲ್ಲ.

ನಾವಿಬ್ಬರೂ ತುಂಗೆಯ ದಂಡೆಗೆ ಹೋದೆವು. ಮಡುವಿನ ಹತ್ತಿರ ಒಬ್ಬಾತ ದನ ಮೈ ತೊಳೆಯುತ್ತಿದ್ದ. ಮೀನಿನ ವಿಷಯ ಎತ್ತಿದರೆ ಮುಚ್ಚುಮರೆಯಿಲ್ಲದೆ ಹೇಳಿದ.

"ಅದೊಂದು ಆಶ್ಚರ್ಯ ಮಾರಾಯ್ರೆ. ನಾನು ಕಾಲು ತೊಳ್ಯಕ್ಕೆ ಇಳಿದ್ರೆ ಮೀನು ಕಾಲಿನ ಹತ್ರನೇ ಬಂದು ಬಾಯ್ ಬಿಡ್ತಾವೆ. ಗಾಳ ಬೇಡ, ಬಲೆ ಬೇಡ. ಬುಟ್ಟೀಲಿ ಎತ್ತಿದ್ವಿ. ಅಕ್ಕಪಕ್ಕದೋರೆಲ್ಲ ಬಂದ್ರು. ಈಗ ಮುಗೀತು ಕಾಣ್ತದೆ, ನಿನ್ನೆಯಿಂದ ಒಂದೂ ಬರ್ಲಿಲ್ಲ."

"ಅವು ದೇವರ ಮೀನು" ಎಂದ ಡ್ರೈವರ್.

ಆತ ದನದ ಬೆನ್ನ ಮೇಲಿನ ಕೈ ತೆಗೆದ. "ಅಯ್ಯೋ, ನಮ್ಗೆ ಯಾರೂ ಹೇಳ್ಲಿಲ್ವಲ್ಲ! ಗೊತ್ತಿದ್ರೆ ಮುಟ್ತಿದ್ವಾ?" ಎಂದ. ಅವನದು ಏನೂ ತಪ್ಪಿಲ್ಲ. ಹೊಳೆಯಲ್ಲಿ ಮೀನು ತಾನಾಗಿ ಬಂದು ಬುಟ್ಟಿಗೆ ಬಿದ್ದರೆ ಯಾರು ಬಿಟ್ಟಾರು?

ಹಿಂತಿರುಗುವಾಗ ದಾರಿಯುದ್ದಕ್ಕೂ ಮಾಡಿದ್ದನ್ನೆಲ್ಲ ಲೆಕ್ಕ ಹಾಕುತ್ತಾ ಬಂದೆ. ನಾನು ನೀರು ಅಳೆದೆ, ಉಪ್ಪು ಅಳೆದೆ, ಮಂಜುಗಡ್ಡೆ ಎಷ್ಟು ಎಂದು ಅಳೆದೆ. ಆ ಮೀನುಗಳಿಗೆ ಮನುಷ್ಯನ ಹೆದರಿಕೆ ಇಲ್ಲ ಎಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅದೇ ಅವುಗಳ ಚಂದ ಎಂದುಕೊಂಡಿದ್ದೆನೇ ಹೊರತು, ಆ ಗುಂಡಿಯ ಆಚೆ ಅದೇ ಅವುಗಳ ಸಾವು ಎಂದು ನನಗಾಗಲಿ, ಭಟ್ಟರಿಗಾಗಲಿ, ದಿನಾ ಕೈತುತ್ತು ಹಾಕಿದ ಅಕ್ಕನಿಗಾಗಲಿ ಹೊಳೆಯಲಿಲ್ಲ. ಮನುಷ್ಯರು ಮೀನನ್ನು ನಂಬಿದ್ದು ಹರಕೆ. ಮೀನು ಮನುಷ್ಯರನ್ನು ನಂಬಿದ್ದು ನಾವು ಯಾರೂ ಲೆಕ್ಕಕ್ಕೇ ಹಿಡಿಯದ ಸಂಗತಿ.

ಭಟ್ಟರಿಗೆ ಫೋನಿನಲ್ಲಿ ಹೇಳಿದೆ. ಅವರು "ಶಿವ ಶಿವಾ" ಎಂದು ಇಟ್ಟುಬಿಟ್ಟರು. ಅಕ್ಕನಿಗೆ ಅವರೇ ಹೇಳಿರಬೇಕು. ಮಾರನೆಯ ದಿನ ಅವಳು ಬಸ್ಸು ಹಿಡಿದು ನನ್ನ ಫಾರ್ಮಿಗೆ ಬಂದಳು. ಬಂದವಳು ಏನೂ ಕೇಳದೆ ನೇರ ಸಿಮೆಂಟ್ ತೊಟ್ಟಿಯ ಹತ್ತಿರ ಹೋದಳು. ಉಳಿದಿದ್ದ ಮೀನುಗಳು ಅವಳ ನೆರಳು ಬಿದ್ದದ್ದೇ ಮೇಲೆ ಬಂದು ತೊಟ್ಟಿಯ ಅಂಚಿಗೆ ಮೂತಿ ಒತ್ತಿದವು. ಅವಳು ಬಗ್ಗಿ ಕೈ ಇಳಿಬಿಟ್ಟು ಅತ್ತಳು. ಚಕ್ಕೆ ಎದ್ದ ಆ ಕೈಯನ್ನು ಅವು ಸುತ್ತಿ ಸುತ್ತಿ ಬರುತ್ತಿದ್ದವು.

ಗಾಯ ಮಾಗಲು ಉಪ್ಪುನೀರಿನ ಸ್ನಾನ ಮಾಡಿಸಿ, ಪೊಟ್ಯಾಷಿಯಂ ಪರ್ಮಾಂಗನೇಟ್ ಹಚ್ಚಿ ಆಗಿತ್ತು. ಮೀನು ಗಟ್ಟಿಯಾಗಿದ್ದವು. ಆದರೆ ಹರಿವ ನೀರಿನ ಮೀನು ತೊಟ್ಟಿಯಲ್ಲಿ ಬಹಳ ಕಾಲ ಉಳಿಯುವುದಿಲ್ಲ. ಗೋಡೆಗೆ ಮೂತಿ ತಿಕ್ಕಿ ತಿಕ್ಕಿ ಮತ್ತೆ ಹುಣ್ಣು ಮಾಡಿಕೊಳ್ಳುತ್ತವೆ. ಗುಂಡಿಗೆ ವಾಪಸ್ ಬಿಡೋಣವೆಂದರೆ ಅಲ್ಲಿ ನೀರೇ ಇಲ್ಲ. ಮಳೆ ಬಂದು ತುಂಬಿದರೂ ಮುಂದಿನ ಬೇಸಿಗೆ ಕಾದೇ ಇದೆ. ಹೊಳೆಗೇ ಬಿಡಬೇಕು. ಬಿಡುವ ಮೊದಲು ಅವಕ್ಕೆ ಒಂದು ಪಾಠ ಕಲಿಸಲೇಬೇಕಿತ್ತು.

ಆ ತೀರ್ಮಾನ ನನ್ನದೇ. ಮೀನಿಗೆ ಹೆದರಿಕೆ ಕಲಿಸುವುದು ಕಷ್ಟವಲ್ಲ. ಮನುಷ್ಯನ ನೆರಳು ಬಿದ್ದಾಗೆಲ್ಲ ಬಿದಿರಿನಿಂದ ನೀರಿಗೆ ಬಡಿಯುವುದು. ಹತ್ತಿರ ಬಂದದ್ದನ್ನು ಬಲೆಯಲ್ಲಿ ಎತ್ತಿ, ಗಾಳಿಯಲ್ಲಿ ಒಂದು ಗಳಿಗೆ ಒದ್ದಾಡಿಸಿ ಬಿಡುವುದು. ಮೇವನ್ನು ಮಾತ್ರ ಅಡ್ಡಕ್ಕೆ ಬಿದಿರಿನ ತಟ್ಟಿ ಕಟ್ಟಿ ಅದರ ಹಿಂದಿನಿಂದ, ನಾವು ಕಾಣದಂತೆ ಹಾಕುವುದು. ನಾನು ಮಾಡಿದೆ, ಡ್ರೈವರ್ ಮಾಡಿದ, ಮರಿ ಕೊಳ್ಳಲು ಬಂದ ಗಿರಾಕಿಗಳ ಕೈಯಲ್ಲೂ ಮಾಡಿಸಿದೆ. ಕೆಲವೇ ದಿನಗಳಲ್ಲಿ ನಮ್ಮ ತಲೆ ಕಂಡರೆ ಮೀನು ತಳಕ್ಕೆ ಇಳಿಯತೊಡಗಿದವು. ಕೆಲಸ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅಕ್ಕ ಇನ್ನೊಮ್ಮೆ ನೋಡಲು ಬಂದಳು. ಅವಳು ತೊಟ್ಟಿಯ ಬಳಿ ನಿಂತಿದ್ದೇ ತಡ, ಎಲ್ಲವೂ ಮೇಲೆ ಬಂದವು.

ಡ್ರೈವರ್ ನನ್ನ ಮುಖ ನೋಡಿದ. ಅವಳ ಹಾಗೆ ನಿಲ್ಲುವ, ಅವಳ ಹಾಗೆ ಸೀರೆ ಉಟ್ಟ ಎಷ್ಟು ಹೆಂಗಸರು ದಿನಾ ತುಂಗೆಯಲ್ಲಿ ಬಟ್ಟೆ ಒಗೆಯಲು ಇಳಿಯುತ್ತಾರೆ ಎಂದು ಅವನು ಹೇಳಬೇಕಾಗಿರಲಿಲ್ಲ.

ನಾನು ಹೇಗೋ ಬಾಯಿ ಬಿಟ್ಟೆ. "ಅಕ್ಕ, ಇದ್ನ ನೀವೇ ಮಾಡ್ಬೇಕು."

"ಎಂತದನ್ನ?"

ಬಿದಿರಿನ ಕೋಲು ತೋರಿಸಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗಿನೊಳಗೆ ಎರಡೂ ಕೈ ಮುಚ್ಚಿಕೊಂಡಳು. "ನನ್ ಕೈಯಿಂದ ಆಗಲ್ಲ ತಮ್ಮಾ. ಬೇಕಾದ್ರೆ ಇವತ್ತೇ ಬರೋದು ಬಿಡ್ತೀನಿ. ಇದೊಂದು ಹೇಳ್ಬೇಡ" ಎಂದು ಬಸ್ ನಿಲ್ದಾಣದ ಕಡೆ ನಡೆದೇಬಿಟ್ಟಳು. ನಾನು ಹಿಂದಿನಿಂದ ಕರೆಯಲಿಲ್ಲ.

ಒಂದೆರಡು ದಿನ ಬಿಟ್ಟು ಅವಳೇ ಬಂದಳು. ನಮಗೆ ಯಾರಿಗೂ ನಮಸ್ಕಾರವನ್ನೂ ಹೇಳದೆ ಕೋಲು ಎತ್ತಿಕೊಂಡಳು. ಮೊದಲ ಏಟು ನೀರಿಗೆ ಬಿದ್ದಾಗ ಮೀನುಗಳು ಒಮ್ಮೆ ಚೆದುರಿ, ಅವಳೇ ಎಂದು ಗೊತ್ತಾಗಿ ತಿರುಗಿ ಬಂದವು. ಎರಡನೆಯ ಏಟಿಗೂ ಬಂದವು. ಅವಳು ಹಲ್ಲು ಕಚ್ಚಿ ಬಡಿಯುತ್ತಿದ್ದಳು, ಬಡಿಯುತ್ತಾ "ಬರ್ಬೇಡಿ, ಬರ್ಬೇಡಿ ಅಂದ್ನಲ್ಲ, ಹೋಗಿ" ಎಂದು ಬಯ್ಯುತ್ತಿದ್ದಳು. ನನ್ನ ಕೆಲಸದಲ್ಲಿ ನಾನು ಎಷ್ಟೋ ಮೀನು ಸಾಯುವುದನ್ನು ನೋಡಿದ್ದೇನೆ. ಅದನ್ನು ನೋಡಿ ನಿಲ್ಲಲಾಗದೆ ಒಳಗೆ ಹೋದದ್ದು ಇಲ್ಲ. ಅಂದು ಹೋದೆ.

ಹೀಗೆ ಅವಳು ಎಷ್ಟೋ ಸಲ ಬಂದಳು. ಕೊನೆಗೊಂದು ದಿನ ಅವಳು ಗೇಟು ದಾಟಿ ತೊಟ್ಟಿಯ ಕಡೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲೇ ಮೀನುಗಳು ಆಚೆ ಮೂಲೆಗೆ ಹೋಗಿ ಒಂದರ ಮೇಲೊಂದು ಒತ್ತಿಕೊಂಡವು. ಅವಳು ಕೋಲು ಎತ್ತಿರಲಿಲ್ಲ. ತೊಟ್ಟಿಯ ಅಂಚಿಗೆ ಬರಲೂ ಇಲ್ಲ, ಅಲ್ಲೇ ನಿಂತಳು. "ಕಲ್ತ್ವು" ಎಂದಳು.

ಮಾರನೆಯ ಬೆಳಿಗ್ಗೆ ತುಂಗೆಗೆ ಒಯ್ದೆವು, ಈ ಸಲ ಬೇರೆ ಮಡುವಿಗೆ, ದಾರಿ ಇಲ್ಲದ ಕಡೆ. ಸುತ್ತಲಿನ ಊರಿಗೆ ಹೋಗಿ ಭಟ್ಟರು ಮನೆಮನೆಗೂ ಹೇಳಿ ಬಂದಿದ್ದರು. ಜೋಲಿಯಿಂದ ಬಿಟ್ಟೊಡನೆ ಮೀನುಗಳು ಬಾಣದ ಹಾಗೆ ಆಳಕ್ಕೆ ಹೋದವು. ಸಣ್ಣದೊಂದು ಮಾತ್ರ ದಡದ ಹತ್ತಿರದ ತೆಳು ನೀರಲ್ಲಿ, ಸುಸ್ತಿಗೋ ಏನೋ, ಕಿವಿರು ಆಡಿಸುತ್ತಾ ನಿಂತಿತು. ಅಕ್ಕ ಮೇಲೆ ಬಂಡೆಯ ಹತ್ತಿರವೇ ಇದ್ದಳು. ತಾನು ಕಂಡರೆ ಹೆದರುತ್ತವೆ ಎಂದು ಕೆಳಗೆ ಬಂದಿರಲಿಲ್ಲ.

"ತಮ್ಮಾ," ಎಂದು ಕರೆದಳು. "ಒಂದು ಕೇಳ್ತೀನಿ, ಖರೆ ಹೇಳು. ಅವು ಎಲ್ಲರ್ನ ಕಂಡ್ರೂ ಓಡ್ತಾವಾ, ನನ್ನ ಕಂಡ್ರೆ ಮಾತ್ರ ಓಡ್ತಾವಾ?"

ನಾನು ದಡದಲ್ಲಿ ಕೂತು, ಆ ಸಣ್ಣ ಮೀನಿನ ಕಡೆ ನನ್ನ ಕೈಯನ್ನು ಮೆಲ್ಲಗೆ ನೀರಿಗೆ ಇಳಿಸಿದೆ. ಓಡು, ಓಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಬಾಲ ಕೊಡವಿ ಒಂದೇ ನೆಗೆತಕ್ಕೆ ಕಣ್ಮರೆಯಾಯಿತು.

"ಎಲ್ಲರ್ನ ಕಂಡ್ರೂ, ಅಕ್ಕ."

"ಹಂಗಾದ್ರೆ ಆತು" ಎಂದಳು ಅವಳು.